ಯಾರ ಹೆಜ್ಜೆಗೆ ಕಲ್ಲು?

ಗೇಟಿನಿಂದ ಬಾಗಿಲವರೆಗೆ ಗಿಡಗಳ ಮಧ್ಯೆ ಒಂದಷ್ಟು ಚಪ್ಪಡಿ ಹಾಕಿಸುವುದು ಮಹಾ ಕೆಲಸವೇನಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಲ್ಲು ತಂದು ಸಾಲಾಗಿ ಇಟ್ಟರೆ ಆಯ್ತು, ಅಲ್ವಾ?

ಮೊದಲ ಚರ್ಚೆ ಕಲ್ಲಿನ ಮೇಲೇ ಶುರುವಾಗುತ್ತದೆ. ಕಲಬುರಗಿ ಕಡೆಯ ನೆಂಟರಿದ್ದರೆ ಶಹಾಬಾದ್ ಕಲ್ಲು ಬಿಟ್ಟು ಬೇರೆ ಮಾತಿಲ್ಲ. ಅದು ಸುಣ್ಣದ ಕಲ್ಲು, ಪದರ ಪದರವಾಗಿ ಏಳುತ್ತದೆ. ಕರಾವಳಿಯವರಿಗೆ ಕೆಂಪುಕಲ್ಲೇ ಕಲ್ಲು. ಬೆಂಗಳೂರಿನ ಸುತ್ತಮುತ್ತ ಸಾದರಹಳ್ಳಿಯ ಬೂದು ಗ್ರಾನೈಟ್. ಯಾವುದಾದರೂ ಇರಲಿ, ಪಾಲಿಶ್ ಮಾಡಿದ್ದು ಮಾತ್ರ ಹೊರಗಡೆಗೆ ಬೇಡವೇ ಬೇಡ. ಅಂಗಡಿಯಲ್ಲಿ ಫಳಫಳ ಅನ್ನುವ ಕಲ್ಲು ಮಳೆ ಬಿದ್ದ ದಿನ ನೆಂಟರನ್ನು ಕೆಡವುತ್ತದೆ. ಉಳಿಯ ಏಟು ಕಾಣುವ ದೊರಗು ಕಲ್ಲೇ ವಾಸಿ.

ನಮ್ಮಲ್ಲಿಗೆ ಬಂದ ಮೇಸ್ತ್ರಿಗೆ ಮಾತು ಕಮ್ಮಿ, ಕಿವಿ ಜಾಸ್ತಿ. 2 ಇಂಚು ದಪ್ಪದ ಕಲ್ಲಿಗೆ 4 ಇಂಚು ಅಗೆಸಿದರು. ಮಣ್ಣು ಗಟ್ಟಿ ಬಡಿಸಿ, ಮೇಲೆ 2 ಇಂಚು ಜಲ್ಲಿ ಪುಡಿ ಹರಡಿಸಿದರು. ಕಲ್ಲನ್ನು ಅದರ ಮೇಲೆ ಕೂರಿಸಿ, ಕರಣೆಯ ಹಿಡಿಯಿಂದ ಮೂಲೆ ಮೂಲೆಗೂ ತಟ್ಟಿ ಕಿವಿಗೊಟ್ಟರು. ಒಂದು ಮೂಲೆ ‘ಡಬ್’ ಅಂತು. ಕೆಳಗೆ ಟೊಳ್ಳು! ಕಲ್ಲು ಎತ್ತಿ, ಆ ಜಾಗಕ್ಕೆ ಒಂದು ಹಿಡಿ ಪುಡಿ ಹಾಕಿ, ಅಂಗೈಯಿಂದ ಸವರಿ, ಮತ್ತೆ ಕೂರಿಸಿ ತಟ್ಟಿದರು. ಈ ಸಲ ಸದ್ದು ಬಿಗಿಯಾಗಿತ್ತು. ಆ ಒಂದು ಹಿಡಿ ಪುಡಿ ಉಳಿಸಲು ಹೋದರೆ ಕಲ್ಲು ಜೀವಮಾನವಿಡೀ ಅಲ್ಲಾಡುತ್ತದೆ, ಮಳೆಗಾಲದಲ್ಲಿ ಕಾಲಿಟ್ಟಾಗೆಲ್ಲ ಪಿಚಕ್ಕಂತ ಕೆಸರು ಹಾರಿಸುತ್ತದೆ.

ಆಮೇಲೆ ಅವರು ಕೇಳಿದ್ದು: “ಗ್ಯಾಪ್ ಎಷ್ಟು ಬಿಡ್ಲಿ ಸಾರ್?”

ಇದು ಟೇಪಿನ ಪ್ರಶ್ನೆ ಅಲ್ಲ. ಕಲ್ಲಿನ ನಡುವಿಂದ ನಡುವಿಗೆ 2 ಅಡಿ ಅನ್ನುವುದು ರೂಢಿ. ಆದರೆ ಯಾರ 2 ಅಡಿ? ಮಗ ಬೀಸುಗಾಲು ಹಾಕುತ್ತಾನೆ. ಅಮ್ಮ ಸೀರೆಯ ನಿರಿಗೆ ಹಿಡಿದು ನಡೆಯುವವಳು. ಕಲ್ಲು ಒಮ್ಮೆ ಕೂತಿತೆಂದರೆ ಮನೆಮಂದಿಯೆಲ್ಲ ಒಬ್ಬರ ಹೆಜ್ಜೆಯಲ್ಲೇ ನಡೆಯಬೇಕು. ಪಾರ್ಕುಗಳಲ್ಲಿ ಜನ ಕಲ್ಲು ಬಿಟ್ಟು ಪಕ್ಕದ ಹುಲ್ಲು ತುಳಿಯುವುದು ಸುಮ್ನೆ ಅಲ್ಲ. ಯಾವನೋ ಉದ್ದಕಾಲಿನವನು ಅಳತೆ ಕೊಟ್ಟಿರುತ್ತಾನೆ!

“ಅಮ್ಮಾ, ಒಂದ್ಸಲ ನಡೀರಿ,” ಅಂದರು ಮೇಸ್ತ್ರಿ. ಅಮ್ಮ ಫೋಟೋಗೆ ನಿಂತವಳ ಹಾಗೆ ಬಿಗಿದುಕೊಂಡು ನಡೆದಳು. ಅದು ಲೆಕ್ಕಕ್ಕೆ ಬರಲ್ಲ ಅಂತ ಅವರಿಗೂ ಗೊತ್ತಾಯಿತು. ಸುಮ್ಮನೆ ನೆಲಕ್ಕೆ ನೀರು ಚಿಮುಕಿಸಿ ಬೀಡಿ ಹಚ್ಚಲು ಹೋದರು. ಅಮ್ಮ ದಾಸವಾಳ ಕುಯ್ಯಲು ಹೋಗಿ ಬಂದಳು. ಒದ್ದೆ ಮಣ್ಣಿನಲ್ಲಿ ಹೆಜ್ಜೆಗಳು ಸಾಲಾಗಿ ಮೂಡಿದ್ದವು, ಒಂದೂವರೆ ಅಡಿಗೊಂದು. ಅಷ್ಟಕ್ಕೇ ನೂಲು ಕಟ್ಟಿದರು.

ಮಗನಿಗೆ ಈಗ ಎರಡೆರಡು ಕಲ್ಲು ಹಾರುವ ಅಭ್ಯಾಸ. ಪೇಪರ್ ಹುಡುಗ ಎಂದಿನಂತೆ ಪಕ್ಕದ ಮಣ್ಣಿನಲ್ಲೇ ಬರುತ್ತಾನೆ.

ಕೊನೆಯಲ್ಲಿ ಸಂದಿಗೆ ಸಿಮೆಂಟ್ ತುಂಬುವ ಮಾತು ಬಂತು. ಮಣ್ಣು ಬಿಟ್ಟರೆ ನೀರು ಇಂಗುತ್ತದೆ ಅಂತ ನಾನು ವಾದ ಹೂಡುವಷ್ಟರಲ್ಲಿ ಅಮ್ಮ ಒಳಗಿನಿಂದಲೇ ತೀರ್ಪು ಕೊಟ್ಟಳು: “ಸಿಮೆಂಟ್ ಬೇಡ. ಗರಿಕೆ ಬರ್ಲಿ. ಗಣೇಶನ ಹಬ್ಬಕ್ಕೆ ಇನ್ನೊಬ್ಬರ ಕಾಂಪೌಂಡ್‌ಗೆ ಕೈ ಹಾಕೋದು ತಪ್ಪುತ್ತೆ.”