ಕಾರ್ಡ್‌ಲೆಸ್ ಫೋನಿಗೆ ಕಟ್ಟಿದ ದಾರ

ಕಾರ್ಡ್‌ಲೆಸ್ ಫೋನಿನ ಪೆಟ್ಟಿಗೆ ಮೇಲೆ ಅದರ ರೇಂಜ್ ಬರೆದಿರುತ್ತಾರೆ. ಬಯಲಲ್ಲಿ 300 ಮೀಟರ್, ಕಟ್ಟಡದೊಳಗೆ 50 ಮೀಟರ್. ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಕಚೇರಿಯಲ್ಲಿ ಅದರ ರೇಂಜ್ ಒಂದೂವರೆ ಅಡಿ. ಮೇಜಿನ ಕಾಲಿಗೆ ಕಟ್ಟಿರುವ ನೈಲಾನ್ ದಾರ ಅಷ್ಟೇ ಉದ್ದ ಇರೋದು.

ನಗಬೇಡಿ. ಕಟ್ಟಿದವರಿಗೆ ತಲೆ ಕೆಟ್ಟಿಲ್ಲ. ಕಚೇರಿಗೆ ಏನೇ ಬಂದರೂ ಅದು ಡೆಡ್ ಸ್ಟಾಕ್ ರಿಜಿಸ್ಟರಿಗೆ, ಅಂದರೆ ಕಚೇರಿಯ ಸಾಮಾನಿನ ಲೆಕ್ಕದ ಪುಸ್ತಕಕ್ಕೆ, ಏರಬೇಕು, ಎದುರಿಗೆ ಒಬ್ಬರ ಸಹಿ ಬೀಳಬೇಕು, ಮುಂದೊಂದು ದಿನ ಆಡಿಟ್‌ನವರು ಬಂದು "ಎಂಟು ಹ್ಯಾಂಡ್‌ಸೆಟ್ ಅಂತ ಬರೆದಿದ್ದೀರಿ, ಇಲ್ಲಿ ಏಳೇ ಇದೆಯಲ್ರೀ" ಅಂದರೆ ಸಹಿ ಹಾಕಿದ ಗುಮಾಸ್ತರ ಸಂಬಳದಲ್ಲಿ ರಿಕವರಿ. ಫೋನ್ ಕೆಲಸ ಮಾಡದಿದ್ದರೆ ಯಾರೂ ಕೇಳಲ್ಲ. ಕಾಣದಿದ್ದರೆ ಕೇಳುತ್ತಾರೆ. ಅದಕ್ಕೇ ದಾರ. ದಾರ ಸಾಲದು ಅಂತ ಹ್ಯಾಂಡ್‌ಸೆಟ್ಟಿನ ಬೆನ್ನ ಮೇಲೆ ಬಿಳಿ ಪೇಂಟಲ್ಲಿ ಇಲಾಖೆಯ ಹೆಸರು, ವರ್ಷ, ಕ್ರಮಸಂಖ್ಯೆ ಎಲ್ಲ ಬರೆಸಿದ್ದಾರೆ. ಬರೆದ ಜಾಗದಲ್ಲೇ ಸ್ಪೀಕರ್ ತೂತುಗಳಿದ್ದವು. ಈಗ ಸ್ಪೀಕರ್ ಹಾಕಿದರೆ ಯಾರೋ ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳಿಸುತ್ತದೆ.

ಇವು ಬಂದಿದ್ದು ಯಾವಾಗ ಅಂತ ಹೇಳಬೇಕಾ? ಮಾರ್ಚ್ ಕೊನೇ ವಾರ. 31ರೊಳಗೆ ಖರ್ಚಾಗದಿದ್ದರೆ ದುಡ್ಡು ವಾಪಸ್. ಕಚೇರಿಗೆ ನಿಜವಾಗಿ ಬೇಕಿದ್ದದ್ದು ಬೆಂಚು, ಬಂದ ಜನ ಗೋಡೆಗೆ ಒರಗಿ ನಿಂತೂ ನಿಂತೂ ಸುಣ್ಣವೇ ಉದುರಿಹೋಗಿತ್ತು. ಆದರೆ ಪೀಠೋಪಕರಣದ ಲೆಕ್ಕಶೀರ್ಷಿಕೆಯಲ್ಲಿ ದುಡ್ಡಿರಲಿಲ್ಲ, ದೂರವಾಣಿ ಲೆಕ್ಕಶೀರ್ಷಿಕೆಯಲ್ಲಿತ್ತು. ಹಾಗಾಗಿ ಜನ ಕೂರುವುದಕ್ಕೆ ಎಂಟು ಕಾರ್ಡ್‌ಲೆಸ್ ಫೋನ್ ಬಂದವು. ಇಂಟರ್‌ಕಾಮ್, ಕಾನ್ಫರೆನ್ಸ್, ಕಾಲ್ ಫಾರ್ವರ್ಡ್, ನೂರು ಹೆಸರು ಹಿಡಿಯುವ ಫೋನ್‌ಬುಕ್, ಎಲ್ಲ ಸಮೇತ.

ಹಾಕಿಕೊಟ್ಟ ಹುಡುಗ ಹತ್ತು ನಿಮಿಷ ತೋರಿಸಿದ. ನೋಡಿದವರು ಮೂರು ಜನ. ಮೂವರಿಗೂ ಜೂನ್‌ನಲ್ಲಿ ವರ್ಗ ಆಯಿತು. ಬಳಕೆಯ ಪುಸ್ತಕ ಬೀರುವಿನಲ್ಲಿ ಭದ್ರವಾಗಿದೆ, ಬೀರುವಿನ ಕೀ ವರ್ಗವಾದವರ ಹತ್ತಿರ ಭದ್ರವಾಗಿದೆ.

ಹಾಗಂತ ಫೀಚರ್‌ಗಳು ಬಳಕೆಯಾಗುತ್ತಿಲ್ಲ ಅಂದುಕೊಂಡರೆ ತಪ್ಪು. ಬೇಸ್ ಸ್ಟೇಷನ್, ಅಂದರೆ ಹ್ಯಾಂಡ್‌ಸೆಟ್ಟುಗಳಿಗೆಲ್ಲ ಸಿಗ್ನಲ್ ಕೊಡುವ ಪೆಟ್ಟಿಗೆ, ಅದರ ಮೇಲೆ ಒಂದು ಪೇಜಿಂಗ್ ಗುಂಡಿ ಇರುತ್ತದೆ. ಹ್ಯಾಂಡ್‌ಸೆಟ್ ಎಲ್ಲೋ ಇಟ್ಟು ಮರೆತರೆ ಅದನ್ನು ಒತ್ತಬೇಕು, ಕಳೆದುಹೋದದ್ದು ಕೂಗಿಕೊಳ್ಳುತ್ತದೆ. ಹ್ಯಾಂಡ್‌ಸೆಟ್ ಕಟ್ಟಿಹಾಕಿದ ಮೇಲೆ ಅದು ಕಳೆಯೋದು ಹೇಗೆ? ಗುಂಡಿ ದಂಡವಾಗಬಾರದು ನೋಡಿ. ಸಾಹೇಬರ ಕೋಣೆಯ ಕಾಲಿಂಗ್ ಬೆಲ್ ಕೆಟ್ಟು ಬಹಳ ದಿನವಾಗಿತ್ತು. ಬೇಸ್ ಅವರ ಮೇಜಿನ ಮೇಲೆಯೇ ಇದೆ. ಅಟೆಂಡರ್ ಬೇಕಾದರೆ ಪೇಜಿಂಗ್ ಗುಂಡಿ ಒತ್ತುತ್ತಾರೆ. ಎಂಟೂ ಹ್ಯಾಂಡ್‌ಸೆಟ್ ಒಟ್ಟಿಗೆ ಬಡಿದುಕೊಳ್ಳುತ್ತವೆ. ಎಂಟು ಜನ ಎತ್ತಿ "ಹಲೋ" ಅನ್ನುತ್ತಾರೆ. ಯಾರ ಕಿವಿಗೂ ಏನೂ ಬೀಳಲ್ಲ. ಎಂಟು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ವಾಪಸ್ ಇಡುತ್ತಾರೆ. ಅಟೆಂಡರ್ ಎದ್ದು ಟೀ ತರಲು ಹೋಗುತ್ತಾನೆ. ಇಡೀ ಕಚೇರಿಯಲ್ಲಿ ಆ ಫೋನಿನ ಭಾಷೆ ಅರ್ಥವಾಗೋದು ಅವನಿಗೊಬ್ಬನಿಗೇ.

ಇಂಟರ್‌ಕಾಮ್ ಬಗ್ಗೆ ಕೇಳಲೇಬೇಡಿ. ಈ ಮೇಜಿನಿಂದ ಆ ಮೇಜಿಗೆ ಪುಕ್ಕಟೆ ಮಾತಾಡಬಹುದು. ಆದರೆ "ಏಯ್, ಆ ಪಹಣಿ ಫೈಲ್ ತಗೊಂಡ್ ಬಾರಯ್ಯಾ" ಅಂತ ಕೂತಲ್ಲೇ ಕೂಗುವುದೂ ಪುಕ್ಕಟೆಯೇ. ಬ್ಯಾಟರಿ ಕೂಡ ಬೇಕಿಲ್ಲ.

ಬ್ಯಾಟರಿ ಅಂದಾಗ ನೆನಪಾಯಿತು. ಈ ಹ್ಯಾಂಡ್‌ಸೆಟ್ಟುಗಳಲ್ಲಿ ಇರೋದು ರೀಚಾರ್ಜ್ ಆಗುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್. ನೋಡಲು ರಿಮೋಟಿಗೆ ಹಾಕುವ ಸಣ್ಣ ಸೆಲ್ಲಿನ ಥರವೇ ಇರುತ್ತದೆ. ಒಂದರ ಸೆಲ್ ಹೋಯಿತು ಅಂತ ಯಾರೋ ಎದುರಿನ ಅಂಗಡಿಯಿಂದ ಮಾಮೂಲಿ ಸೆಲ್ ತಂದು ಹಾಕಿದರು, ಚಾರ್ಜಿಗೂ ಇಟ್ಟರು. ಚಾರ್ಜ್ ಆಗಬಾರದ ಸೆಲ್ ಚಾರ್ಜಿಗೆ ಇಟ್ಟರೆ ಏನಾಗಬೇಕೋ ಅದೇ ಆಯಿತು, ಉಬ್ಬಿ ಸೋರಿತು. ಆ ಹ್ಯಾಂಡ್‌ಸೆಟ್ ಈಗಲೂ ದಾರದ ತುದಿಯಲ್ಲಿದೆ. ರಿಜಿಸ್ಟರಿನಲ್ಲಿ ಸುಸ್ಥಿತಿಯಲ್ಲಿದೆ. ಹಳೇ ಕಪ್ಪು ಡಯಲ್ ಫೋನಿಗೆ ಈ ರಗಳೆ ಇರಲಿಲ್ಲ. ಅದಕ್ಕೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದ ತಂತಿಯಲ್ಲೇ ಬರುತ್ತಿತ್ತು, 48 ವೋಲ್ಟ್. ಊರಿಗೆ ಊರೇ ಕತ್ತಲಾದರೂ ಫೋನ್ ಜೀವಂತ. ಈಗಿನ ಬೇಸಿಗೆ ಗೋಡೆಯ ಪ್ಲಗ್ ಬೇಕು. ಆ ಪ್ಲಗ್ಗಿನಲ್ಲಿ ಬೆಳಿಗ್ಗೆ ಹನ್ನೊಂದರವರೆಗೆ ಸಾಹೇಬರ ಮೊಬೈಲ್ ಚಾರ್ಜ್ ಆಗುತ್ತದೆ, ಸಂಜೆ ಐದೂವರೆಗೆ ಮೇನ್ ಸ್ವಿಚ್ಚೇ ಆಫ್.

ಆಮೇಲೆ ಆಯುಧಪೂಜೆ. ಜೀಪು, ಕಂಪ್ಯೂಟರ್, ಸ್ಟೇಪ್ಲರ್ ಎಲ್ಲಕ್ಕೂ ಅರಿಶಿನ ಕುಂಕುಮ ಇಡುವಾಗ ಫೋನನ್ನು ಬಿಡೋಕಾಗುತ್ತಾ? ಭಕ್ತಿಯಿಂದ ಕೆಳಗಿನ ತುದಿಗೆ ಇಟ್ಟರು. ಅಲ್ಲಿರೋದು ಮೈಕಿನ ತೂತು. ಅಂದಿನಿಂದ ಸಾಹೇಬರ ಹ್ಯಾಂಡ್‌ಸೆಟ್ಟಿಗೆ ಮ್ಯೂಟ್ ಗುಂಡಿ ಬೇಕಿಲ್ಲ.

ಹೊರಗೆ ಒಂದು ಕರೆ ಮಾಡುವ ಸಂಭ್ರಮ ಬೇರೆಯೇ. ಹೊರಲೈನಿಗೆ ಮೊದಲು ಸೊನ್ನೆ ಒತ್ತಬೇಕು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡಬೇಕಾದರೆ ಕೇಂದ್ರದ ದೂರಸಂಪರ್ಕ ಇಲಾಖೆಯ ಆದೇಶದಂತೆ ಇನ್ನೊಂದು ಸೊನ್ನೆ ಸೇರಿತು. ಸೊನ್ನೆ ಸೊನ್ನೆ, ಮೇಲೆ ಹತ್ತು ಅಂಕಿ. ಗುಮಾಸ್ತರು ಎರಡನೇ ಸೊನ್ನೆ ಮರೆಯುತ್ತಾರೆ, ಆ ಕಡೆಯಿಂದ ಒಬ್ಬ ಹೆಣ್ಣುಮಗಳು ನಂಬರಿನ ಮುಂದೆ ಸೊನ್ನೆ ಹಾಕಿ ಅನ್ನುತ್ತಾಳೆ, ಇವರು ಹಾಕಿದ್ದೀನಲ್ಲಮ್ಮಾ ಅಂತ ಅವಳ ಜೊತೆ ಜಗಳಕ್ಕೆ ಬೀಳುತ್ತಾರೆ. ಕೊನೆಗೆ ಗೊತ್ತಾಗೋದು ಏನಂದರೆ, ಬಿಲ್ ಜಾಸ್ತಿ ಬರುತ್ತೆ ಅಂತ ಹಿಂದಿನ ಸಾಹೇಬರು ಆ ಎರಡನೇ ಸೊನ್ನೆಗೇ ಲಾಕ್ ಹಾಕಿಸಿದ್ದರು. ಕೋಡ್ ಅವರಿಗೊಬ್ಬರಿಗೇ ಗೊತ್ತಿತ್ತು. ಅವರಿಗೂ ವರ್ಗ ಆಗಿದೆ.

ಹಾಗಾಗಿ ಸರ್ಕಾರದ ಕೆಲಸ ನಡೆಯೋದು ಗುಮಾಸ್ತರ ಸ್ವಂತ ಮೊಬೈಲಲ್ಲಿ, ಸ್ವಂತ ರೀಚಾರ್ಜಲ್ಲಿ. ಜಿಲ್ಲಾ ಕೇಂದ್ರದಿಂದ ವಾಟ್ಸಾಪ್ ಗುಂಪಿಗೆ ಭಾನುವಾರ ರಾತ್ರಿ ಒಂಬತ್ತೂವರೆಗೆ "ತುರ್ತು, ನಾಳೆ ಹತ್ತಕ್ಕೆ ವರದಿ ಕಳಿಸಿ" ಅಂತ ಬರುತ್ತದೆ, ಮೂವತ್ತೆರಡು ಜನ ಕೈಮುಗಿದ ಚಿತ್ರ ಹಾಕುತ್ತಾರೆ. ಯಾರ ಸ್ವಂತ ನಂಬರ್ ಊರಿಗೆಲ್ಲ ಗೊತ್ತಿರಬಾರದೋ ಅವರದ್ದು ಎಲ್ಲರ ಹತ್ತಿರ ಇದೆ. ಯಾವ ನಂಬರ್ ಎಲ್ಲರಿಗೂ ಗೊತ್ತಿರಬೇಕೋ ಅದು ಗೋಡೆಯ ಬೋರ್ಡಿನಲ್ಲಿದೆ, ಮಧ್ಯದ ಎರಡು ಅಂಕಿಯ ಮೇಲೆ ಯಾರದ್ದೋ ಹುಟ್ಟುಹಬ್ಬದ ಪೋಸ್ಟರ್ ಅಂಟಿದೆ.

ಮಾಹಿತಿ ಹಕ್ಕು ಕಾಯ್ದೆ ಬಂದಿದ್ದು 2005ರಲ್ಲಿ. ಅದರ 4(1)(ಬಿ) ಪ್ರಕಾರ ಪ್ರತಿ ಕಚೇರಿ ತನ್ನ ಅಧಿಕಾರಿ, ನೌಕರರ ಡೈರೆಕ್ಟರಿಯನ್ನು ತಾನಾಗಿಯೇ ಪ್ರಕಟಿಸಬೇಕು. ಪ್ರಕಟಿಸಿದ್ದಾರೆ. ಫೋನ್ ಎತ್ತಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಈಗ ಹೊರಗಿನಿಂದ ಫೋನ್ ಮಾಡುವವರ ಪಾಡು ನೋಡೋಣ. ವಿಧವಾ ವೇತನ ನಿಂತುಹೋಗಿದೆ ಅಂತ ಒಬ್ಬ ಅಜ್ಜಿ ಮೊಮ್ಮಗನ ಕೈಲಿ ನಂಬರ್ ಒತ್ತಿಸುತ್ತಾರೆ ಅಂದುಕೊಳ್ಳಿ. ಎತ್ತೋದು ಯಂತ್ರ. ಅದು ಕಾರ್ಖಾನೆಯಿಂದಲೇ ಕಲಿತುಕೊಂಡು ಬಂದ ಇಂಗ್ಲಿಷಿನಲ್ಲಿ ಸ್ವಾಗತ ಹೇಳುತ್ತದೆ, ಕನ್ನಡದಲ್ಲಿ ರೆಕಾರ್ಡ್ ಮಾಡಿ ಹಾಕಬಹುದು ಅನ್ನೋದು ಬೀರುವಿನೊಳಗಿನ ಪುಸ್ತಕದಲ್ಲಿದೆ. ಎಕ್ಸ್‌ಟೆನ್ಷನ್ ಗೊತ್ತಿದ್ದರೆ ಒತ್ತಿ, ಇಲ್ಲದಿದ್ದರೆ ಆಪರೇಟರಿಗಾಗಿ 9 ಒತ್ತಿ. ಮೊಮ್ಮಗ 9 ಒತ್ತುತ್ತಾನೆ. ಆಪರೇಟರ್ ನಿವೃತ್ತಿಯಾದ ಮೇಲೆ ಆ ಹುದ್ದೆ ಭರ್ತಿಯಾಗಿಲ್ಲ. ಅವರ ಕೋಣೆಯಲ್ಲಿ ಈಗ ಚುನಾವಣೆಯ ಹಳೇ ಪೆಟ್ಟಿಗೆಗಳಿವೆ. ಫೋನ್ ಆ ಪೆಟ್ಟಿಗೆಗಳಿಗೆ ರಿಂಗ್ ಆಗುತ್ತದೆ.

ಅಕಸ್ಮಾತ್ ಯಾರೋ ಎತ್ತಿದರು ಅನ್ನಿ. "ಅದು ನಮ್ಮ ಸೆಕ್ಷನ್ ಅಲ್ಲಮ್ಮ, ಕೊಡ್ತೀನಿ ಇರಿ" ಅನ್ನುತ್ತಾರೆ. ಕೊಡಬೇಕಾದರೆ ಆರ್ ಅಂತ ಬರೆದ ಗುಂಡಿ ಒತ್ತಿ, ಆ ಸೆಕ್ಷನ್ನಿನ ನಂಬರ್ ಒತ್ತಿ, ಅವರು ಎತ್ತಿದ ಮೇಲೆ ಕೆಳಗಿಡಬೇಕು. ಆ ಗುಂಡಿಯನ್ನು ಇಡೀ ಕಚೇರಿಯಲ್ಲಿ ಯಾರೂ ಮುಟ್ಟಿಲ್ಲ, ಅದನ್ನು ಒತ್ತಿದರೆ ಏನೋ ಅಳಿಸಿಹೋಗುತ್ತೆ ಅಂತ ಗಟ್ಟಿ ನಂಬಿಕೆ. ಹಾಗಾಗಿ ಗೊತ್ತಿರುವ ಕೆಂಪು ಗುಂಡಿ ಒತ್ತುತ್ತಾರೆ. ಲೈನ್ ಕಟ್. ಮತ್ತೆ ಇಂಗ್ಲಿಷ್ ಸ್ವಾಗತ, ಮತ್ತೆ 9, ಮತ್ತೆ ಪೆಟ್ಟಿಗೆಗಳು. ಹೋಲ್ಡ್ ಸಿಕ್ಕರೆ ಸಂಗೀತವಾದರೂ ಕೇಳಬಹುದಿತ್ತು. ಹೋಲ್ಡ್ ಸಂಗೀತಕ್ಕೆ ಅಮೆರಿಕದಲ್ಲಿ 1966ರಲ್ಲೇ ಪೇಟೆಂಟ್ ಕೊಟ್ಟಿದ್ದಾರೆ, ಆಲ್ಫ್ರೆಡ್ ಲೆವಿ ಅನ್ನುವ ಕಾರ್ಖಾನೆ ಮಾಲೀಕನಿಗೆ. ಸಡಿಲವಾದ ತಂತಿಯೊಂದು ಕಟ್ಟಡದ ಉಕ್ಕಿಗೆ ತಾಗಿ ಪಕ್ಕದ ರೇಡಿಯೋ ಸ್ಟೇಷನ್ನಿನ ಹಾಡು ಫೋನಿನಲ್ಲಿ ಬಂತಂತೆ. ಅಲ್ಲಿ ಕಾಯುವವರಿಗೆ ಬೇಜಾರಾಗಬಾರದು ಅಂತ ಒಂದು ಪೇಟೆಂಟು. ನಮ್ಮಲ್ಲಿ ಹ್ಯಾಂಡ್‌ಸೆಟ್ಟನ್ನು ಮೇಜಿನ ಮೇಲೆ ಮಗುಚಿ ಹಾಕಿ ಹೋಗುತ್ತಾರೆ, ಅಜ್ಜಿಗೆ ಕಚೇರಿಯ ನೇರ ಪ್ರಸಾರ ಸಿಗುತ್ತದೆ. ಫ್ಯಾನ್ ಕಿರ್ ಅನ್ನೋದು, ಸೀಲ್ ಬೀಳೋದು, "ಅದೇ ಅಜ್ಜಿ ಕಣ್ರೀ, ಇಲ್ಲ ಅನ್ನಿ" ಅನ್ನೋದು.

ಕಾಲರ್ ಐಡಿ ಒಂದನ್ನು ಮಾತ್ರ ಎಲ್ಲರೂ ಚೆನ್ನಾಗಿ ಕಲಿತಿದ್ದಾರೆ. ಯಾರು ಮಾಡುತ್ತಿದ್ದಾರೆ ಅಂತ ಮೊದಲೇ ಗೊತ್ತಾದರೆ ಬೇಗ ಎತ್ತಬಹುದು ಅಂತ ಕಂಪನಿಯವರು ಕೊಟ್ಟಿದ್ದು. ಫೋನ್‌ಬುಕ್ಕಿನಲ್ಲಿ ನೂರು ಜಾಗವಿದೆ, ತುಂಬಿರೋದು ಎರಡು, ಎಂಎಲ್‌ಎ ಪಿಎ ಮತ್ತು ಡಿಸಿ ಆಫೀಸ್. ಆ ಎರಡು ಹೆಸರು ಬಂದರೆ ಎದ್ದು ನಿಂತು ಎತ್ತುತ್ತಾರೆ, ದಾರ ಎಳೆದು ಮೇಜೂ ಜೊತೆಗೆ ಬರುವಷ್ಟು. ಬರೀ ಅಂಕಿ ಬಂದರೆ ಅದು ಸಾರ್ವಜನಿಕರು.

ಒಬ್ಬ ಸೂಪರಿಂಟೆಂಡೆಂಟರ ಅಳಿಯ ನ್ಯೂಜೆರ್ಸಿಯಲ್ಲಿದ್ದಾನೆ. ಇವರ ಕಷ್ಟ ಕೇಳಿ ಅಲ್ಲಿಂದ "ಡೆಕ್ಟ್ 6.0" ಅಂತ ಬರೆದ ಕಾರ್ಡ್‌ಲೆಸ್ ಸೆಟ್ ಹೊತ್ತುಕೊಂಡು ಬಂದ. ಡೆಕ್ಟ್ ಅಂದರೆ ಕಾರ್ಡ್‌ಲೆಸ್ ಫೋನುಗಳ ಒಂದು ತಂತ್ರಜ್ಞಾನ. ಆ 6.0 ಸುಮ್ನೆ ಮಾರಾಟಕ್ಕೆ ಇಟ್ಟ ಸಂಖ್ಯೆ, ಅದಕ್ಕೂ ತರಂಗಾಂತರಕ್ಕೂ ಸಂಬಂಧವಿಲ್ಲ. ಅಲ್ಲಿ ಅದು ಓಡೋದು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ. ಇಲ್ಲಿ ಆ ಜಾಗ ಮೊಬೈಲ್ ಕಂಪನಿಗಳದ್ದು, ಬಳಸುವ ಹಾಗಿಲ್ಲ. ಬಳಸಿದರೆ ಅಕ್ಕಪಕ್ಕದವರ ಮೊಬೈಲಿಗೂ ತೊಂದರೆ. ಅದನ್ನು ರಿಜಿಸ್ಟರಿಗೆ ಏರಿಸಲಿಲ್ಲವಂತೆ. ಅದಕ್ಕೆ ದಾರ ಕೂಡ ಸಿಗಲಿಲ್ಲ.

ಇಷ್ಟೆಲ್ಲ ಆಗುತ್ತಿರೋದು ಎಲ್ಲಿ ಹೇಳಿ? 1948ರಲ್ಲೇ ಟೆಲಿಫೋನ್ ಕಾರ್ಖಾನೆ ಶುರುವಾದ ರಾಜ್ಯದಲ್ಲಿ. ಬೆಂಗಳೂರಿನಲ್ಲಿ ಆ ಕಾರ್ಖಾನೆಯಿಂದಾಗಿ, ಅಂದರೆ ಐಟಿಐ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಿಂದಾಗಿ, ಒಂದು ಬಡಾವಣೆಗೇ ದೂರವಾಣಿ ನಗರ ಅಂತ ಹೆಸರು ಬಿತ್ತು. 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಎಂಜಿನಿಯರುಗಳು ಹಳ್ಳಿಗಳಿಗೆ ಅಂತಲೇ 128 ಲೈನಿನ ಒಂದು ಸಣ್ಣ ಎಕ್ಸ್‌ಚೇಂಜ್ ಮಾಡಿದರು. ಏಸಿ ಬೇಡ, ಧೂಳು ಸೆಕೆ ತಡೆಯಬೇಕು, ಕರೆಂಟ್ ಹೋಗಿ ಬಂದು ಮಾಡಿದರೂ ನಡೀಬೇಕು. ಅದರಲ್ಲಿ ಮೊದಲನೆಯದನ್ನು 1986ರಲ್ಲಿ ಹಾಕಿದ್ದು ನಮ್ಮ ಕಿತ್ತೂರಿನಲ್ಲಿ. ಧೂಳು, ಸೆಕೆ, ಕರೆಂಟ್ ಎಲ್ಲ ಯೋಚಿಸಿದ್ದರು ಪಾಪ. ಆ ಕಡೆ ಎತ್ತುವವರು ಎತ್ತದಿದ್ದರೆ ಅನ್ನೋದೊಂದು ಅವರ ಪಟ್ಟಿಯಲ್ಲಿರಲಿಲ್ಲ.

ಆ ಕಚೇರಿಯಲ್ಲಿ ನಿಮಗೇನಾದರೂ ಕೆಲಸವಿದ್ದರೆ ಒಂದು ದಾರಿ ಹೇಳುತ್ತೇನೆ. ಎದುರಿಗೆ ಒಂದು ಜೆರಾಕ್ಸ್ ಅಂಗಡಿ ಇದೆ, ಬೋರ್ಡಿನಲ್ಲಿ ಮೊಬೈಲ್ ನಂಬರ್ ದೊಡ್ಡದಾಗಿ ಬರೆದಿದ್ದಾರೆ. ಅವರಿಗೆ ಮಾಡಿ. ಮೊದಲನೇ ರಿಂಗಿಗೇ ಎತ್ತುತ್ತಾರೆ. ಸಾಹೇಬರು ಬಂದಿದ್ದಾರಾ, ಮೂಡ್ ಹೇಗಿದೆ, ಸರ್ವರ್ ಇದೆಯಾ, ನಿಮ್ಮ ಫೈಲ್ ಯಾರ ಮೇಜಿನಲ್ಲಿದೆ, ಯಾವ ಫಾರಂ ಎಷ್ಟು ಕಾಪಿ ಬೇಕು, ಎಲ್ಲ ಹೇಳುತ್ತಾರೆ. ಲೈನಿನಲ್ಲಿ ಇರಿ ಅಂದು ರಸ್ತೆ ದಾಟಿ ಹೋಗಿ ಕೇಳಿಕೊಂಡೂ ಬರುತ್ತಾರೆ, ಟ್ರಾನ್ಸ್‌ಫರ್, ಹೋಲ್ಡ್, ಕಾನ್ಫರೆನ್ಸ್ ಮೂರೂ ಅವರೊಬ್ಬರೇ. ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ಮಾಡಬೇಡಿ. ಕಚೇರಿಗೆ ರಜ ಅಂದರೆ ಅವರ ಅಂಗಡಿಗೂ ರಜ.