ಸ್ಪಷ್ಟನೆ: ಸೊಂಟದ ಬೆಲ್ಟ್ ರಕ್ಷಣಾ ಸಾಧನವಲ್ಲ

ಗೋದಾಮಿನಲ್ಲಿ ಮೂಟೆ, ಪೆಟ್ಟಿಗೆ ಎತ್ತುವವರು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡರೆ ಬೆನ್ನಿಗೆ ಪೆಟ್ಟಾಗುವುದಿಲ್ಲ, ಹೆಲ್ಮೆಟ್ ಮತ್ತು ಸೇಫ್ಟಿ ಶೂಗಳಂತೆ ಅದನ್ನೂ ಎಲ್ಲರಿಗೂ ಕೊಡಿಸಬೇಕು ಎಂಬ ಸಂದೇಶವೊಂದು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಬೆನ್ನಿಗೆ ಗಾಯವಾಗಿರದ ಕೆಲಸಗಾರರಿಗೆ ಇಂತಹ ಬೆಲ್ಟನ್ನು ಶಿಫಾರಸು ಮಾಡುವುದಿಲ್ಲವೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1994ರಲ್ಲೇ ತಿಳಿಸಿತ್ತು. 160 ಮಳಿಗೆಗಳಲ್ಲಿ ಸರಕು ಎತ್ತಿಡುವ ಸಾವಿರಾರು ನೌಕರರನ್ನು ಗಮನಿಸಿ 2000ದಲ್ಲಿ ಅದು ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಬೆಲ್ಟ್ ಕಟ್ಟುವವರಿಗೂ ಕಟ್ಟದವರಿಗೂ ಬೆನ್ನುನೋವಿನಲ್ಲಾಗಲಿ ಪರಿಹಾರದ ಅರ್ಜಿಗಳಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. (ವೈದ್ಯರ ಸಲಹೆಯಂತೆ ಕಟ್ಟಿಕೊಳ್ಳುವವರ ವಿಷಯ ಬೇರೆ.) ಬೆಲ್ಟಿಗೆ ಹಾಕುವ ಹಣವನ್ನು ಕೈಗಾಡಿಗೆ, ಭಾರದ ಸರಕನ್ನು ಸೊಂಟದೆತ್ತರದಲ್ಲಿಡುವ ವ್ಯವಸ್ಥೆಗೆ ಬಳಸುವುದು ಮೇಲು. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.