ಮೀನಿನ ಮೈಮೇಲಿನ ಸಿಲಿಯೇಟ್‌ಗಳೆಲ್ಲ ಪರಾವಲಂಬಿಗಳಲ್ಲ: ಒಂದು ಸ್ಪಷ್ಟನೆ

ಸಿಹಿನೀರಿನ ಮೀನಿನ ಚರ್ಮ ಅಥವಾ ಕಿವಿರಿನಲ್ಲಿ ಕಂಡುಬರುವ ಪ್ರತಿಯೊಂದು ಸಿಲಿಯೇಟ್ ಜೀವಿಯೂ (ಸೂಕ್ಷ್ಮ ರೋಮಗಳಿರುವ ಏಕಕೋಶ ಜೀವಿ) ಮೀನನ್ನೇ ತಿಂದು ಬದುಕುತ್ತದೆ, ಬಿಳಿಚುಕ್ಕೆ ರೋಗದಲ್ಲಿ ಮೀನಿನ ಮೈಮೇಲಿನ ಚುಕ್ಕೆ ಮಾಯವಾದರೆ ರೋಗ ಹೋದಂತೆಯೇ ಎಂಬ ಮಾತು ಹರಿದಾಡುತ್ತಿದೆ. ಎರಡೂ ತಪ್ಪು.

ಎಪಿಸ್ಟೈಲಿಸ್ ಎಂಬ ಸಿಲಿಯೇಟ್ ಕಾಂಡದಂಥ ರಚನೆಯ ಮೂಲಕ ಮೀನಿಗೆ ಅಂಟಿಕೊಂಡು ಗುಂಪಾಗಿ ಬೆಳೆಯುತ್ತದೆಯಾದರೂ ಅದರ ಆಹಾರ ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾ. ಬಸವನಹುಳು, ಜಲಕೀಟಗಳ ಮೇಲೂ ಅದು ಹೀಗೆಯೇ ನೆಲೆಸುತ್ತದೆ. ಟ್ರೈಕೊಡೈನ ಎಂಬ ಇನ್ನೊಂದು ಸಿಲಿಯೇಟ್ ಕೂಡ ಹೆಚ್ಚಾಗಿ ಬ್ಯಾಕ್ಟೀರಿಯಾವನ್ನೇ ಅವಲಂಬಿಸಿದೆ. ಆದರೆ ಕೊಳೆತ ಪದಾರ್ಥ ಹೆಚ್ಚಿರುವ ನೀರಿನಲ್ಲಿ ಅದರ ಸಂಖ್ಯೆ ಮಿತಿಮೀರಿದಾಗ, ದಂತಗಳ ಉಂಗುರವುಳ್ಳ ಅದರ ಅಂಟುಬಿಲ್ಲೆ ಕಿವಿರನ್ನು ಕೆರಳಿಸಿ ಗಾಯಗೊಳಿಸುತ್ತದೆ. ಆದ್ದರಿಂದ ಅದನ್ನು ನಿರುಪದ್ರವಿ ಎಂದು ಕಡೆಗಣಿಸುವುದೂ ಸರಿಯಲ್ಲ.

ಇವೆರಡರಂತಲ್ಲದೆ, ಬಿಳಿಚುಕ್ಕೆಗೆ ಕಾರಣವಾದ ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಸ್ ಎಂಬ ಸಿಲಿಯೇಟ್ ನಿಜವಾದ ಪರಾವಲಂಬಿ. 1876ರಲ್ಲೇ ವಿವರಿಸಲಾದ ಈ ಜೀವಿ ಚರ್ಮದ ಹೊರಪದರದೊಳಗೆ ಹುದುಗಿ ಜೀವಕೋಶಗಳನ್ನು ತಿನ್ನುತ್ತಾ ಸುಮಾರು 1 ಮಿಲಿಮೀಟರ್‌ವರೆಗೆ ಬೆಳೆದು, ಬಳಿಕ ಮೀನನ್ನು ಬಿಟ್ಟು ತಳಕ್ಕಿಳಿದು, ಕೋಶದ ಹೊದಿಕೆಯೊಳಗೆ ಮತ್ತೆ ಮತ್ತೆ ವಿಭಜನೆಗೊಂಡು ನೂರಾರು ಮರಿಗಳನ್ನು ಬಿಡುಗಡೆ ಮಾಡುತ್ತದೆ. ಚುಕ್ಕೆ ಕಾಣೆಯಾಗುವುದೆಂದರೆ ಹಲವು ಬಾರಿ ಇದೇ ಹಂತ ಆರಂಭವಾಗಿದೆ ಎಂದರ್ಥ. ಈಜಾಡುವ ಮರಿಗಳು ಒಂದೆರಡು ದಿನಗಳಲ್ಲಿ ಮೀನನ್ನು ಸೇರದಿದ್ದರೆ ಸಾಯುತ್ತವೆ. ನೀರಿಗೆ ಹಾಕುವ ಸಾಮಾನ್ಯ ಔಷಧಗಳು ಪರಿಣಾಮಕಾರಿಯಾಗಿ ತಾಗುವುದೂ ಮುಖ್ಯವಾಗಿ ಇವುಗಳಿಗೆ ಮಾತ್ರ. ಚುಕ್ಕೆ ಹೋಯಿತೆಂದು ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ರೋಗ ಮರುಕಳಿಸುವುದು ಈ ಕಾರಣದಿಂದಲೇ.

ಚರ್ಮವನ್ನು ಮೆಲ್ಲಗೆ ಕೆರೆದು ತೆಗೆದ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕುದುರೆಲಾಳದ ಆಕಾರದ ದೊಡ್ಡ ಕೋಶಕೇಂದ್ರ ಕಂಡರೆ ಅದು ಬಿಳಿಚುಕ್ಕೆಯ ಜೀವಿ. ಈ ಪರೀಕ್ಷೆಗೆ ಮೊದಲು ಔಷಧ ಹಾಕಬಾರದೆಂದು ಕಳಕಳಿಯಿಂದ ಕೋರುತ್ತೇನೆ.